ಆಹೇರಕ್ಕೆ ಹೋದ ಒಮೇಗಾ

ನವನಗರದ ಆ ಮನೆಯಲ್ಲಿ ಮೂವರು ಹೆಂಗಸರು, ಒಬ್ಬ ಗಂಡಸು ಮತ್ತು ಮೂರು ವಾಚುಗಳು ಬಾಳುತ್ತಿದ್ದವು. ನಾಲ್ವರ ಕೆಮ್ಮು, ಸೀನು, ಫೋನಿನ ಮಾತು ಎಲ್ಲವೂ ಎಲ್ಲರಿಗೂ ಕೇಳುತ್ತಿತ್ತು. ವಾಚುಗಳ ಸದ್ದು ಮಾತ್ರ ಉಮಾಶ್ರೀ ಒಬ್ಬಳಿಗೇ ಕೇಳುತ್ತಿತ್ತು. ಅವು ಅವಳ ತಿಜೋರಿಯಲ್ಲಿ, ಹಳೆಯ ಇಳಕಲ್ ಸೀರೆಯ ಮಡಿಕೆಯೊಳಗೆ, ಮೂರು ಮರಿಗಳಂತೆ ಒತ್ತಿಕೊಂಡು ಮಲಗಿರುತ್ತಿದ್ದವು.

ಉಮಾಶ್ರೀ ಮನೆಯ ಹಿರಿಮಗಳು. ಅಪ್ಪ ಮುರುಗೆಪ್ಪ ತೀರಿಕೊಂಡ ವರ್ಷವೇ ತಾರಿಹಾಳದ ಒಂದು ಕಾರ್ಖಾನೆಗೆ ಸೇರಿದವಳು, ಮೂವತ್ತಾರು ತುಂಬಿದರೂ ಅಲ್ಲೇ ಇದ್ದಳು. ಯಂತ್ರದಿಂದ ಇಳಿದು ಬರುವ ಉಕ್ಕಿನ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದದ್ದನ್ನು ಬೇರೆ ಬುಟ್ಟಿಗೆ ಹಾಕುವುದು ಅವಳ ಕೆಲಸ. ಒಂದು ದಿನ ಪುಣೆಯಿಂದ ಬಂದ ಗಿರಾಕಿಯೊಬ್ಬ ಕೈ ತೊಳೆಯಲು ಹೋಗುವಾಗ ತನ್ನ ವಾಚನ್ನು ಅವಳ ಮೇಜಿನ ಮೇಲೆ ಬಿಚ್ಚಿಟ್ಟು ಹೋದ. ಅದರ ಬೆನ್ನಿಗೆ ಗಾಜಿತ್ತು. ಗಾಜಿನೊಳಗೆ ಒಂದು ಪುಟ್ಟ ಚಕ್ರ ಆ ಕಡೆ ಈ ಕಡೆ ತೂಗುತ್ತಿತ್ತು, ತೊಟ್ಟಿಲನ್ನು ಯಾರೋ ಕಾಣದ ಕೈಯಿಂದ ತೂಗುತ್ತಿದ್ದಂತೆ. ಇಡೀ ದಿನ ಅಳೆಯುವ ಉಕ್ಕು ಇಷ್ಟು ಸಣ್ಣದಾಗಿ, ಇಷ್ಟು ಜೀವಂತವಾಗಿ ಇರಬಲ್ಲದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗಿರಾಕಿ ಬಂದು ವಾಚು ಕಟ್ಟಿಕೊಂಡು ಹೋದ. ಅವಳ ಮನಸ್ಸು ಅದರ ಹಿಂದೆಯೇ ಹೋಯಿತು.

ಪಗಾರವೆಲ್ಲ ಅವ್ವನ ಕೈಗೆ. ಅದರಲ್ಲಿ ತಮ್ಮ ಬಸವಕಿರಣನ ಡಿಪ್ಲೊಮಾ ಆಯಿತು, ತಂಗಿ ಗಂಗಾಂಬಿಕಾಳ ಬಿ.ಎಡ್. ಆಯಿತು, ಮನೆಗೆ ಮಹಡಿ ಬಂತು. ಉಳಿಯುತ್ತಿದ್ದದ್ದು ಓವರ್‌ಟೈಮು, ಮತ್ತು ಕಾರ್ಖಾನೆಯ ಹೆಂಗಸರು ತಿಂಗಳಿಗಿಷ್ಟೆಂದು ಕೂಡಿಹಾಕುತ್ತಿದ್ದ ಭಿಶಿಯಲ್ಲಿ ಅವಳ ಪಾಳಿಗೆ ಬರುವ ಗಂಟು. ಎಲ್ಲರೂ ಆ ಗಂಟಿನಲ್ಲಿ ಬಂಗಾರ ಕೊಳ್ಳುವಾಗ ಅವಳು ಹೊಸದಲ್ಲದ, ಯಾರೋ ಕಟ್ಟಿ ಬಿಟ್ಟ ವಾಚುಗಳನ್ನು ಫೋನಿನಲ್ಲಿ ಹುಡುಕುತ್ತಿದ್ದಳು. ಒಂದು ವಾಚಿಗೂ ಇನ್ನೊಂದಕ್ಕೂ ನಡುವೆ ವರ್ಷಗಟ್ಟಲೆ ಕಾಯುತ್ತಿದ್ದಳು. ಸ್ಕೂಟಿ ಕೊಳ್ಳಲಿಲ್ಲ, ಕಾರ್ಖಾನೆಯ ಹುಡುಗಿಯರ ಜೊತೆ ಗೋವಾಕ್ಕೆ ಹೋಗಲಿಲ್ಲ. ಮೊದಲು ಸ್ವಿಸ್ ಕಂಪನಿಯ ಒಂದು ಟಿಸೊ ಬಂತು, ಆಮೇಲೆ ಬೆರಳ ಉಗುರಿನಷ್ಟು ಮುಖದ ಒಂದು ಲಾಂಜಿನ್, ಕೊನೆಗೆ ಮುಂಬೈಯ ಮುದುಕರೊಬ್ಬರು ಮಾರಿದ, ಮೂರರಲ್ಲೂ ತುಟ್ಟಿಯಾದ ಒಮೇಗಾ. ಎಲ್ಲವೂ ಕಾರ್ಖಾನೆಯ ವಿಳಾಸಕ್ಕೆ ಬಂದು, ಅವಳ ಊಟದ ಡಬ್ಬಿಯಲ್ಲಿ ಕುಳಿತು ಮನೆ ಸೇರಿದವು.

ಟಿಸೊ ಬಂದ ವಾರವೇ ಅವ್ವ ಕಾಳವ್ವನ ಕಣ್ಣಿಗೆ ಬಿತ್ತು.

“ಇದೇನವಾ ಇದು, ಗಂಡಸರ ವಾಚು?”

“ದುರ್ಗದಬೈಲ ಬಜಾರದಾಗ ತೊಗೊಂಡೆ ಅವ್ವಾ. ಡುಪ್ಲಿಕೇಟ್.”

ಮಾತು ಬಾಯಿಂದ ಜಾರಿಬಿತ್ತು. ಆದರೆ ಬಿದ್ದ ಮೇಲೆ ಎಷ್ಟು ಚಂದ ಹೊಂದಿಕೊಂಡಿತೆಂದರೆ ಅದನ್ನು ಎತ್ತಿ ತೆಗೆಯುವ ಮನಸ್ಸೇ ಅವಳಿಗೆ ಬರಲಿಲ್ಲ. ಖರೆ ಹೇಳಿದ್ದರೆ ಅದಕ್ಕೆ ನೂರು ಬಾಯಿ ಹುಟ್ಟುತ್ತಿದ್ದವು: ಮಹಡಿಗೆ ಬಣ್ಣ, ಬಸವಕಿರಣನಿಗೆ ಗಾಡಿ, ಅವ್ವನ ಮೊಣಕಾಲು. ಸುಳ್ಳಿಗೆ ಒಂದೇ ಬಾಯಿ. ಒಮೇಗಾ ಬಂದಾಗ ಬಸವಕಿರಣ ಅದನ್ನು ಬೆಳಕಿಗೆ ಹಿಡಿದು, “ಏನ ಅಕ್ಕಾ, ಮೇಡ್ ಇನ್ ದುರ್ಗದಬೈಲ್!” ಎಂದು ನಕ್ಕ. ಅವಳೂ ನಕ್ಕಳು. ಭಾನುವಾರ ಎಲ್ಲರೂ ಟಿವಿ ಮುಂದೆ ಕುಳಿತಾಗ ಕೋಣೆಯ ಬಾಗಿಲು ಮುಂದಕ್ಕೆ ಮಾಡಿ, ಒಂದೊಂದನ್ನೇ ಕಟ್ಟಿಕೊಂಡು, ಚಾವಿ ಕೊಟ್ಟು, ಕಿವಿಗೆ ಹಿಡಿಯುತ್ತಿದ್ದಳು. ಅವ್ವನ ಗುಳಿಗೆಯ ಹೊತ್ತು, ತಮ್ಮನ ಡಬ್ಬಿಯ ಹೊತ್ತು, ಕಾರ್ಖಾನೆಯ ಬಸ್ಸಿನ ಹೊತ್ತು ಎಂದು ಹಂಚಿಹೋದ ಬದುಕಿನಲ್ಲಿ ಆ ಹೊತ್ತೊಂದೇ ಅವಳದಾಗಿತ್ತು.

ಚಿಕ್ಕವಳಿದ್ದಾಗ ಆಯಿ, ಎಂದರೆ ಅಪ್ಪನ ತಾಯಿ, ರಾಕ್ಷಸನ ಕತೆ ಹೇಳುತ್ತಿದ್ದಳು. ಅವನ ಜೀವ ಅವನ ಮೈಯಲ್ಲಿರಲಿಲ್ಲ. ದೂರದ ದ್ವೀಪದಲ್ಲಿ, ಕರಡಿಗೆಯೊಳಗಿನ ದುಂಬಿಯಲ್ಲಿ ಇತ್ತು. ರಾಜಕುಮಾರ ದುಂಬಿಯ ರೆಕ್ಕೆ ಮುರಿದಾಗ ಉಳಿದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರೆ ಉಮಾ ಮಾತ್ರ, “ದುಂಬಿ ಎಲ್ಲೈತಿ ಅಂತ ಯಾರ ಹೇಳಿದ್ರ ಆಯಿ?” ಎಂದು ಕೇಳುತ್ತಿದ್ದಳು. “ಅವನ ಹೇಳಿದ. ಸಾಕಿದ ಮಗಳು ಕಾಲು ಒತ್ತಾಕತ್ತಿದ್ಲು, ಪ್ರೀತಿ ಉಕ್ಕಿ ಬಂತು, ಹೇಳಿಬಿಟ್ಟ,” ಎನ್ನುತ್ತಿದ್ದಳು ಆಯಿ. ಉಮಾಗೆ ಅವತ್ತು ರಾತ್ರಿ ರಾಕ್ಷಸನ ಸಲುವಾಗಿ ಅಳು ಬರುತ್ತಿತ್ತು.

ಹೀಗಿರಲು ಗಂಗಾಂಬಿಕಾಳಿಗೆ ಸಂಬಂಧ ಕೂಡಿ ಬಂತು. ಹುಡುಗ ಗೌತಮ, ಗದಗಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ. ತಂದೆ ಇಲ್ಲದ ಅವನನ್ನು ಓದಿಸಿ ಬೆಳೆಸಿದವನು ಸೋದರಮಾವ ಬಸಣ್ಣ, ಗಬ್ಬೂರ ಬೈಪಾಸಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ಆ ಮನೆಯಲ್ಲಿ ಬಸಣ್ಣ ಹೂಂ ಎಂದರೆ ಹೂಂ, ಊಹೂಂ ಎಂದರೆ ಮುಗಿಯಿತು. ಅವನು ಏನನ್ನೂ ಬೇಡಲಿಲ್ಲ. “ನಿಮ್ಮ ಪದ್ಧತಿ ಹೆಂಗೈತಿ ಹಂಗ ಮಾಡ್ರಿ,” ಎಂದಷ್ಟೇ ಅಂದ.

ಇವರ ಮನೆತನದ ಪದ್ಧತಿ ಒಂದಿತ್ತು. ನಿಶ್ಚಯದ ದಿನ ಹೆಣ್ಣಿನ ಅಣ್ಣನೋ ತಮ್ಮನೋ ಗಂಡಿನ ಕೈಗೆ ವಾಚು ಕಟ್ಟಬೇಕು. ಆಹೇರದ, ಎಂದರೆ ಉಡುಗೊರೆಯ, ತಾಟಿನಲ್ಲಿಟ್ಟು ಕುಂಕುಮ ಹಚ್ಚಿದ ವಸ್ತು ತಿರುಗಿ ಮನೆಯೊಳಗೆ ಬರಬಾರದು. ಬಂದರೆ ಹೆಣ್ಣು ತಿರುಗಿ ಬಂದಂತೆ. ಬಸವಕಿರಣ ಆನ್‌ಲೈನಿನಲ್ಲಿ ಒಂದು ಒಳ್ಳೆಯ, ನಡುವಿನ ದರದ ವಾಚು ತರಿಸಿ ಡಬ್ಬಿ ಒಡೆಯದೆ ದೇವರ ಮುಂದೆ ಇಟ್ಟಿದ್ದ.

ನಿಶ್ಚಯದ ದಿನ ಬೆಳಿಗ್ಗೆ ಉಮಾಶ್ರೀಗೆ ಯಾಕೋ ಹಿಗ್ಗು. ತಂಗಿಯ ಸೀರೆ ತೆಗೆಯಲು ತಿಜೋರಿ ತೆರೆದವಳು ಒಮೇಗಾ ಕೈಗೆತ್ತಿಕೊಂಡು ಚಾವಿ ಕೊಟ್ಟಳು. ಇವತ್ತು ಹಬ್ಬ, ನೀನೂ ಓಡು ಎಂದಳು ಅದಕ್ಕೆ. ಅಷ್ಟರಲ್ಲಿ ಒಲೆಯ ಮೇಲಿನ ಹೂರಣ ತಳ ಹಿಡಿಯುತ್ತಿದೆ ಎಂದು ಯಾರೋ ಕೂಗಿದರು. ವಾಚನ್ನು ಸೀರೆಯ ಮೇಲಿಟ್ಟು, ಕೀಲಿಕೈ ತಿಜೋರಿಯಲ್ಲೇ ಬಿಟ್ಟು ಅಡುಗೆಮನೆಗೆ ಓಡಿದಳು.

ಹೋಳಿಗೆ ಬೇಯಿಸುತ್ತಿದ್ದಾಗ ಪಡಸಾಲೆಯಿಂದ ಚಪ್ಪಾಳೆ ಕೇಳಿತು. ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು. ಜಮಖಾನೆಯ ತುಂಬ ಜನ. ಅವರಾಚೆ ಗೌತಮ ಕೈ ಚಾಚಿ ಕುಳಿತಿದ್ದ. ಬಸವಕಿರಣ ಬಗ್ಗಿ ಬಕಲ್ ಹಾಕುತ್ತಿದ್ದ. ಅವಳು ಮೊದಲು ಗುರುತು ಹಿಡಿದದ್ದು ಕಂದು ಪಟ್ಟಿಯನ್ನು. ಅದನ್ನು ಅವಳೇ ಆರಿಸಿ ತರಿಸಿದ್ದಳು.

ಕಾಳವ್ವ ಅವಳ ಪಕ್ಕಕ್ಕೆ ಸರಿದು ಕಿವಿಯಲ್ಲಿ ಅಂದಳು. “ಹೊಸಾದು ನಿಂತಿತ್ತ ಉಮಾ! ಡಬ್ಬಿ ತಗದ ನೋಡ್ತೇನಿ, ಮುಳ್ಳು ಅಲುಗಾಡವಲ್ಲದು. ನಿಂತ ವಾಚು ಕಟ್ಟಿದ್ರ ಬೀಗರು ಏನಂದಾರು? ನಿನ್ನ ಡುಪ್ಲಿಕೇಟ್ ಛಲೋ ಓಡಾಕತ್ತಿತ್ತು, ಅದನ್ನ ಡಬ್ಬ್ಯಾಗ ಇಟ್ಟೆ. ನಿನಗ ಇನ್ನೊಂದ ತರೋಣಂತ ಬಿಡು.”

ಹೊಸ ವಾಚು ನಿಂತಿರಲಿಲ್ಲ. ಬ್ಯಾಟರಿ ಉಳಿಯಲೆಂದು ಅಂಥ ವಾಚುಗಳ ಮುಳ್ಳು ತಿರುಗಿಸುವ ತಿರುಪನ್ನು ಹೊರಗೆಳೆದು, ಕೆಳಗೆ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಸಿಕ್ಕಿಸಿ ಕಳಿಸುತ್ತಾರೆ. ಅದನ್ನು ಕಿತ್ತು ಒಮ್ಮೆ ಒತ್ತಿದ್ದರೆ ಮುಗಿಯುತ್ತಿತ್ತು. ಒಂದೇ ಒಂದು ಮಾತು ಕೇಳಿದ್ದರೆ ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದಳು. ಈಗ ಅವಳ ವಾಚಿನ ಗಾಜಿನ ಮೇಲೆ ಕುಂಕುಮದ ಬೊಟ್ಟಿತ್ತು. ತಾಟಿಗೆ ಹೋದದ್ದು ಹೋಯಿತು.

“ಹೂಂ ಅವ್ವಾ,” ಎಂದಳು.

ಬಸಣ್ಣ ಖಾಲಿ ಡಬ್ಬಿಯನ್ನು ಕೈಗೆತ್ತಿಕೊಂಡ. ಕನ್ನಡಕ ಹಣೆಗೇರಿಸಿ ಡಬ್ಬಿ ಓದಿದ. ಅಳಿಯನ ಕೈ ಎಳೆದು ವಾಚು ಓದಿದ.

“ತಮ್ಮಾ ಬಸವಕಿರಣ, ಡಬ್ಬಿ ಮ್ಯಾಲೆ ಒಂದ ಹೆಸರು, ವಾಚಿನ ಮ್ಯಾಲೆ ಇನ್ನೊಂದ ಹೆಸರು. ಲಗ್ನದಾಗ ಹೆಣ್ಣೂ ಹಿಂಗ ಬದಲಾಕ್ಕಾಳೇನ?”

ಜನ ಗೊಳ್ಳೆಂದು ನಕ್ಕರು. ಬಸವಕಿರಣನ ಮುಖ ಬಿಳಿಚಿತು. “ಡಬ್ಬಿ ಅದಲುಬದಲಾಗೇತ್ರಿ ಮಾವಾರ. ವಾಚು ಒರಿಜಿನಲ್ ಐತ್ರಿ,” ಎಂದ. ಅದು ಖರೆಯಾಗಿತ್ತು. ಅವನು ಹೇಳಿದ್ದು ಮಾತ್ರ ಸುಳ್ಳೆಂದು ತಿಳಿದೇ.

“ಒಮೇಗಾ ಅಂದ್ರ ಏನಂತ ಗೊತ್ತೈತಿಲ್ಲೊ ನಿನಗ?” ಬಸಣ್ಣ ಈಗ ನಗುತ್ತಿರಲಿಲ್ಲ. “ನಾವು ಏನೂ ಬೇಡಿಲ್ಲ. ಸಾದಾದೊಂದು ಕಟ್ಟಿದ್ರ ಕಣ್ಣಿಗೊತ್ಕೊಂತಿದ್ವಿ. ಸುಳ್ಳದ್ದ ಕಟ್ಟಿ ದೊಡ್ಡದು ಅಂದ್ರ, ನಮ್ಮನ್ನ ಹುಚ್ಚರ ಮಾಡಿದಂಗ ಆತಪಾ. ಇವತ್ತ ವಾಚಿನ್ಯಾಗ ಸುಳ್ಳ, ನಾಳೆ ಯಾವುದ್ರಾಗೋ.”

ಪಡಸಾಲೆಯಲ್ಲಿ ಯಾರದೋ ಕೂಸು ಅತ್ತು ಸುಮ್ಮನಾಯಿತು. ಕಾಳವ್ವ ಕಂಬ ಹಿಡಿದುಕೊಂಡಳು. ಗಂಗಾಂಬಿಕಾ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದಳು. ಗೌತಮ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡಿದ್ದ.

ಉಮಾಶ್ರೀ ನೋಡಿದಳು. ಸುಮ್ಮನಿದ್ದರೆ ತಂಗಿಯ ಸಂಬಂಧ ಒಡೆಯುತ್ತದೆ. ಡುಪ್ಲಿಕೇಟ್ ಎಂದು ಒಪ್ಪಿಕೊಂಡರೂ ಒಡೆಯುತ್ತದೆ. ಖರೆ ಹೇಳಿದರೆ ಉಳಿಯುತ್ತದೆ, ಆದರೆ ಹದಿನಾಲ್ಕು ವರ್ಷ ಬಚ್ಚಿಟ್ಟದ್ದೆಲ್ಲ ಬಯಲಿಗೆ ಬೀಳುತ್ತದೆ, ಒಂದಲ್ಲ, ಮೂರೂ. ಯಾವ ಕಡೆ ತಿರುಗಿದರೂ ಗೋಡೆ.

“ಸುಳ್ಳದ್ದಲ್ರಿ ಮಾವಾರ,” ಎಂದಳು. “ನಾನ ತಂದಿದ್ದು. ಖರೇದೈತ್ರಿ.”

ಬಸಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿದ. ಹಿಟ್ಟು ಮೆತ್ತಿದ ಕೈ, ಹಳೆಯ ಕಾಟನ್ ಸೀರೆ. “ನೀ ಎಲ್ಲಿ ಕೆಲಸಾ ಮಾಡ್ತೀ ಅಂದಿದ್ದಿ ತಂಗಿ?”

“ತಾರಿಹಾಳದಾಗ್ರಿ.”

“ಹಾಂ,” ಎಂದ ಬಸಣ್ಣ, ಆ ಒಂದಕ್ಷರದಲ್ಲಿ ಎಲ್ಲವೂ ಇತ್ತು. “ಕೊಪ್ಪಿಕರ ರಸ್ತೆದಾಗ ನಮ್ಮ ಪೈಕಿ ಒಬ್ಬರ ವಾಚಿನ ಅಂಗಡಿ ಐತಿ. ತೋರಿಸ್ಕೊಂಡ ಬರ್ತೇನಿ. ಊಟ ಆಮ್ಯಾಲೆ ಮಾಡೋಣು.” ಅಳಿಯನ ಕೈಯಿಂದ ವಾಚು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಕಿಸೆಗೆ ಹಾಕಿಕೊಂಡು ಗಾಡಿ ಚಾಲೂ ಮಾಡಿದ.

ಬಸವಕಿರಣ ಅಕ್ಕನನ್ನು ಅಡುಗೆಮನೆಗೆ ಎಳೆದ.

“ಅಕ್ಕಾ, ತಲಿ ಗಿಲಿ ಕೆಟ್ಟೈತೇನ ನಿಂದು? ನಾ ಅಂದಿದ್ದು ಹೆಂಗೋ ಹಾರಿ ಹೋಗತಿತ್ತು. ನೀ ಮತ್ತ ಮೊಳಿ ಹೊಡದಿ. ಈಗ ಅಂಗಡ್ಯಾಂವ ನಕ್ಕ ಕಳಸ್ತಾನ.”

“ನಗಂಗಿಲ್ಲ.”

“ಯಾಕ ನಗಂಗಿಲ್ಲ? ದುರ್ಗದಬೈಲದ ವಾಚಿಗೆ ನಗಲಾರದ ಏನ ಆರತಿ ಮಾಡ್ತಾನ?”

“ಕಿರಣಾ, ಅದು ಖರೇ ಐತೋ.”

ಅವನು ಹೆದರಿದವರು ನಗುವಂತೆ ನಕ್ಕು, ಹೊರಗೆ ಹೋಗಿ ಕುರ್ಚಿಗಳನ್ನು ಸುಮ್ಮನೆ ಅತ್ತಿಂದಿತ್ತ ಸರಿಸತೊಡಗಿದ.

ಹೊತ್ತು ಹೋಗಲಿಲ್ಲ. ಹೋಳಿಗೆಗಳು ತಣ್ಣಗಾದವು. ಗಂಡಿನ ಕಡೆಯವರು ಒಂದೊಂದು ಸಲ ಚಹಾ ಕುಡಿದು, ಫ್ಯಾನು ನೋಡುತ್ತ ಕುಳಿತರು. ಉಮಾಶ್ರೀ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಳು. ಒಮೇಗಾ ಈಗ ಉಣಕಲ್ ಕೆರೆ ದಾಟಿರಬೇಕು, ವಿದ್ಯಾನಗರ ದಾಟಿರಬೇಕು. ಯಾರೋ ಅದರ ಬೆನ್ನು ಬಿಚ್ಚಿರಬೇಕು. ಆಗ ಅವಳ ಮನಸ್ಸಿನ ತಳದಿಂದ ಒಂದು ಮಾತು ಮೇಲೆದ್ದು ಬಂತು: ಅಂಗಡಿಯವನು ತಪ್ಪಿ, ಸುಳ್ಳದ್ದು ಅನ್ನಲಿ. ಅಂದರೆ ಬಸಣ್ಣ ಅದನ್ನು ಸಿಟ್ಟಿನಿಂದ ಅಂಗಳಕ್ಕೆ ಎಸೆಯುತ್ತಾನೆ, ಅವಳು ಆರಿಸಿಕೊಳ್ಳುತ್ತಾಳೆ. ಕುಂಕುಮ ಒರೆಸಿ, ಸೀರೆಯ ಮಡಿಕೆಯಲ್ಲಿ ತಿರುಗಿ ಮಲಗಿಸುತ್ತಾಳೆ.

ತಂಗಿಯ ಬದುಕು ಒಡೆದು, ವಾಚು ಉಳಿಯಲಿ ಎಂದು ಬೇಡುತ್ತಿದ್ದೇನಲ್ಲ ಎಂದು ಹೊಳೆದಾಗ ಒಲೆಯಿಂದ ಮುಖ ಆಚೆ ತಿರುಗಿಸಿಕೊಂಡಳು. ಬೇಡಿಕೆ ಮಾತ್ರ ನಿಲ್ಲಲಿಲ್ಲ.

ಗಂಗಾಂಬಿಕಾ ಬಳೆ ಸದ್ದು ಮಾಡುತ್ತ ಒಳಗೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು.

“ಅಕ್ಕಾ, ನೀ ಯಾಕ ಹಿಂಗ ಕುಂತಿ? ಸುಳ್ಳದ್ದಾದ್ರ ಆಗಲೇಳ. ಗೌತಮ ಅಷ್ಟಕ್ಕ ಬಿಟ್ಟು ಹೋಗಾಂವಲ್ಲ.”

“ಅಷ್ಟು ಗಟ್ಟಿ ಅದಾನೇನ?”

“ಗಟ್ಟಿ ಅದಾನ.” ಮೆಲ್ಲಗೆ ಸೇರಿಸಿದಳು: “ಸೋದರಮಾವ ಎದುರಿಗಿಲ್ಲಂದ್ರ.”

ಇಬ್ಬರಿಗೂ ನಗು ಬಂತು. ನಗುತ್ತಲೇ ಗಂಗಾಂಬಿಕಾ ಅತ್ತುಬಿಟ್ಟಳು. ಉಮಾ ಅವಳ ತಲೆ ಹೆಗಲಿಗೆ ಒರಗಿಸಿಕೊಂಡು, ಕಾಡಿಗೆ ಕದಡದಂತೆ ಕಣ್ಣ ಕೆಳಗೆ ಬೆರಳಿಟ್ಟು ಒರೆಸಿದಳು. ಆಗ ಗಾಡಿಯ ಸದ್ದಾಯಿತು.

ಬಸಣ್ಣ ಚಪ್ಪಲಿ ಬಿಡುವ ಮೊದಲೇ ಕೂಗಿದ. “ಎಲ್ಲಿ ಅದಾಳ ಆ ಹಿರೇಮಗಳು? ಕರೀರಿ ಆಕಿನ್ನ!”

ಉಮಾಶ್ರೀ ಬಾಗಿಲಿಗೆ ಬಂದು ನಿಂತಳು. ಬಸಣ್ಣ ಎರಡೂ ಕೈ ಎತ್ತಿ ಅವಳಿಗೆ ಮುಗಿದ.

“ತಪ್ಪಾತವ್ವಾ. ಅಂಗಡ್ಯಾಂವ ಒಳಗ ಬಿಚ್ಚಿ ನೋಡಿ, ‘ಕೊಡ್ತೀರೇನ್ರಿ, ಈಗ ರೊಕ್ಕ ಎಣಸ್ತೇನಿ’ ಅಂದ! ನಮ್ಮ ಗೌತಮಗ ಇಂಥಾ ಮನಿ ಸಿಕ್ಕೇತಲ್ಲ, ನಾ ಏನ ಪುಣ್ಯಾ ಮಾಡಿದ್ನೋ.”

ಪಡಸಾಲೆಗೆ ಪಡಸಾಲೆಯೇ ಅವಳ ಕಡೆ ತಿರುಗಿತು. ಕಾಳವ್ವನ ಕಣ್ಣಲ್ಲಿ ನೀರು ತುಂಬಿತು, ನೀರಿನ ಜೊತೆಗೆ ಒಂದು ಕತೆಯೂ ತುಂಬಿ ಬಂತು.

“ನನಗೂ ಹೇಳಿಲ್ಲ ನೋಡ್ರಿ! ತಂಗಿ ಲಗ್ನಕ್ಕಂತ ಹೊಟ್ಟಿ ಬಟ್ಟಿ ಕಟ್ಟಿ ಇಟ್ಟಾಳ. ಖರೇ ಹೇಳಿದ್ರ ನಾ ಬ್ಯಾಡ ಅಂತೇನಂತ ‘ಡುಪ್ಲಿಕೇಟ್ ಅವ್ವಾ, ಡುಪ್ಲಿಕೇಟ್’ ಅಂದಾಳ. ತನಗ ಒಂದ ಛಲೋ ಸೀರಿ ತೊಗೊಂಡಾಕಿ ಅಲ್ಲ. ಲಗ್ನಾನೂ ಬ್ಯಾಡಂದ್ಲು.”

ಲಗ್ನ ಬೇಡವೆಂದು ಉಮಾಶ್ರೀ ಎಂದೂ ಅಂದಿರಲಿಲ್ಲ. ಕೇಳುವವರು ನಿಧಾನಕ್ಕೆ ಕೇಳುವುದನ್ನು ಬಿಟ್ಟಿದ್ದರು, ಅಷ್ಟೇ. ಆದರೆ ಕತೆ ಎಷ್ಟು ಚಂದ ಕಟ್ಟಿ ನಿಂತಿತ್ತೆಂದರೆ ಬಂದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದರಿಂದ ಹೊರಬರಲು ಒಂದು ಬಾಗಿಲೂ ಒಂದು ಕಿಟಕಿಯೂ ಇರಲಿಲ್ಲ. ಅಲ್ಲ, ಅದು ನನ್ನದು, ನನ್ನ ಆಸೆಗೆ ತಂದದ್ದು ಎಂದು ಈಗ ಅಂದರೆ, ತಾಯಿಯ ಕಣ್ಣೀರನ್ನು ಸುಳ್ಳು ಮಾಡಿದಂತೆ.

ಗೌತಮ ಎದ್ದು ಬಂದ. ಒಳ್ಳೆಯ ಹುಡುಗ, ನೆಲ ನೋಡುತ್ತ ಮಾತಾಡಿದ. “ಅಕ್ಕಾರ, ಏನನಬೇಕೋ ತಿಳಿವಲ್ದರಿ.”

“ದಿನಾ ಮುಂಜಾನೆ ಚಾವಿ ಕೊಡ್ರಿ,” ಎಂದಳು ಉಮಾಶ್ರೀ. “ಒಂದ ಹೊತ್ತಿಗೆ ಕೊಡಬೇಕ್ರಿ. ಬಿಗಿ ಆತು ಅನ್ನೂದ್ರಾಗ ಬಿಟ್ಟುಬಿಡ್ರಿ. ಕಟಗೊಂಡಷ್ಟೂ ಛಲೋ ಇರತೈತಿ.”

“ಛೆ ಛೆ, ಕಟ್ಟೂದೇನ್ರಿ! ಇಷ್ಟು ತುಟ್ಟಿದು. ಮಾವಾರ ಹೆಸರಿಲೆ ಬ್ಯಾಂಕಿನ್ಯಾಗ ಲಾಕರ್ ಐತಿ. ಅದರಾಗ ಭದ್ರ ಇಡತೇವಿ.”

ಕಬ್ಬಿಣದ ಗೋಡೆಯೊಳಗೆ ಒಂದು ದಿನ ಓಡಿ, ಎರಡನೇ ದಿನ ಕುಂಟಿ, ಆಮೇಲೆ ನಿಂತುಬಿಡುವ ಮುಳ್ಳು ಅವಳ ಕಣ್ಣಿಗೆ ಕಂಡಿತು. “ಹೂಂನ್ರಿ,” ಎಂದಳು.

“ಇನ್ನೂ ಎರಡ ಅದಾವ್ರಿ ಆಕಿ ಹಂತ್ಯಾಕ!” ಕಾಳವ್ವನಿಗೆ ಈಗ ತಡೆಯಿರಲಿಲ್ಲ. “ಹಂಗಾರ ಅವೂ ಖರೇದ ಇರಬೇಕು. ಹೌದಲ್ಲ ಉಮಾ?”

“ಮತ್ತೇನ್ರಿ,” ಎಂದ ಬಸಣ್ಣ ತೊಡೆ ತಟ್ಟಿ, “ಒಂದು ತಮ್ಮನ ಲಗ್ನಕ್ಕ. ಇನ್ನೊಂದು ನಮ್ಮ ಗೌತಮಗ ಮುಂದ ಹುಟ್ಟೂ ಮಗಳಿಗೆ ತೊಟ್ಟಿಲದಾಗ. ಲೆಕ್ಕ ಬರೋಬ್ಬರಿ ಆತು!”

“ಅವು ನನ್ನವರಿ,” ಎಂದಳು ಉಮಾಶ್ರೀ. “ನಾ ಕಟ್ಟಿಗೊಳ್ಳಾಕ ತಂದಿದ್ದು.”

ಎಲ್ಲರೂ ಒಟ್ಟಿಗೆ ನಕ್ಕರು, ಒಳ್ಳೆಯ ಚೇಷ್ಟೆಗೆ ನಗುವಂತೆ, ಪ್ರೀತಿಯಿಂದ. “ನಿನ್ನವ ಅಲ್ಲಂತ ಯಾರಂದಾರವಾ!” ಎಂದಳು ಒಬ್ಬ ಮುದುಕಿ. “ನಿಂದಂದ್ರ ಮನೀದ ಹೌದಿಲ್ಲೋ.” ಕಾಳವ್ವ ನಗುತ್ತಲೇ ಮಗಳ ಮುಂದೆ ಅಂಗೈ ಚಾಚಿದಳು. “ತಾ ಇಲ್ಲೆ, ಬೀಗರು ನೋಡ್ಲಿ. ಕುಂಕುಮಾ ಹಚ್ಚಿ ಇಡ್ತೇನಿ.”

ಕುಂಕುಮ ಹಚ್ಚಿದರೆ ಅವೂ ತಾಟಿನ ವಸ್ತುಗಳು. ಅದು ಅವ್ವನಿಗೂ ಗೊತ್ತಿತ್ತು.

“ನಾನ ತರ್ತೇನಿ,” ಎಂದು ಉಮಾಶ್ರೀ ಕೋಣೆಗೆ ಹೋದಳು. ತಿಜೋರಿ ತೆರೆದೇ ಇತ್ತು. ಮಡಿಕೆಯಲ್ಲಿ ಒಂದು ಜಾಗ ಖಾಲಿ. ಉಳಿದೆರಡನ್ನು ತೆಗೆದು, ಮಂಚದ ತುದಿಗೆ ಕೂತು, ಎಡಗೈಗೆ ಟಿಸೊ ಕಟ್ಟಿದಳು, ಬಲಗೈಗೆ ಲಾಂಜಿನ್. ಚಾವಿ ಕೊಟ್ಟಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಾಗಿಲು ಪೂರಾ ತೆರೆದು, ಅವುಗಳನ್ನು ಕಟ್ಟಿಕೊಂಡೇ ಹೊರಗೆ ಬಂದಳು. ಯಾರ ಕೈಗೂ ಕೊಡಲಿಲ್ಲ. ಅಡುಗೆಮನೆಗೆ ನಡೆದು, ತುಪ್ಪದ ತಂಬಿಗೆ ಒಲೆಯಿಂದ ಇಳಿಸಿ, “ಊಟಕ್ಕ ಕೂಡ್ರಿ ಎಲ್ಲಾರೂ,” ಎಂದಳು.

ಪಂಕ್ತಿ ಕೂತಿತು. ಅವಳು ಬಗ್ಗಿದಲ್ಲೆಲ್ಲ ಕಣ್ಣುಗಳು ಅವಳ ಮಣಿಕಟ್ಟುಗಳ ಹಿಂದೆ ಬಂದವು. ನೋಡಲಿ ಎಂದುಕೊಂಡಳು. ನಾನು ಕಟ್ಟಿಕೊಂಡದ್ದನ್ನು ನೋಡಲಿ. ಆಗ ಪಂಕ್ತಿಯ ಆ ತುದಿಯಲ್ಲಿ ಅವ್ವನ ಧ್ವನಿ, ಹೆಮ್ಮೆಯಿಂದ ತುಂಬಿ ತುಳುಕುತ್ತ, ಕೇಳಿಸಿತು.

“ನೋಡ್ರಿ, ನೋಡ್ರಿ, ಎಲ್ಲಾರಿಗೂ ಕಾಣ್ಲೆಂತ ಕಟಗೊಂಡ ಬಡಸಾಕತ್ತಾಳ. ಎಡಗೈದು ಕಿರಣಂದು. ಆ ಸಣ್ಣದು ಕೂಸಿಂದು. ಅಲ್ಲೀತನಕ ಆಕೀನ ಓಡಿಸ್ಕೋತ ಇರ್ತಾಳ.”

ಹೆಂಗಸರು ಮೆಚ್ಚಿ ತಲೆದೂಗಿದರು. ಉಮಾಶ್ರೀ ತುಪ್ಪದ ತಂಬಿಗೆ ಹಿಡಿದು ಮುಂದಿನ ಎಲೆಗೆ ಸರಿದಳು. ಅಲ್ಲಿ ಬಸವಕಿರಣ ಕುಳಿತಿದ್ದ. ಬೆಳಗಿನ ಹೆದರಿಕೆ ಇಳಿದು ಅವನ ಮುಖ ಹೊಳೆಯುತ್ತಿತ್ತು. ಅವನು ತನ್ನ ಎಡಗೈ ಎತ್ತಿ, ಎರಡು ಬೆರಳಿನಿಂದ ಅವಳ ಟಿಸೊದ ಪಟ್ಟಿಯನ್ನು ಮೆಲ್ಲಗೆ ಹಿಡಿದ.

“ಅಕ್ಕಾ, ಒಮ್ಮಿ ಬಿಚ್ಚಿ ಕೊಡ. ನನ್ನ ಕೈಗೆ ಹೆಂಗ ಕಾಣ್ತೈತಿ ನೋಡ್ತೇನಿ.”

“ಕೈ ತಗಿ,” ಎಂದಳು ಉಮಾಶ್ರೀ. ತಂಬಿಗೆಯನ್ನು ಅವನ ಬೆರಳುಗಳ ಮೇಲೆಯೇ ವಾಲಿಸಿ ಹಿಡಿದಿದ್ದಳು. “ತುಪ್ಪ ಕುದ್ಯಾಕತ್ತೇತಿ.”

ಅವನು ನಕ್ಕ. ಅವಳು ನಗಲಿಲ್ಲ. ಅವನು ಮುಖವೆತ್ತಿ ಅವಳನ್ನೊಮ್ಮೆ ನೋಡಿದ, ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡ.